ಐವತ್ತು ವಾಟಿನ ಪರವಾಗಿ

ನಮ್ಮ ರಂಗದ ಮೇಲೆ ಬೆಳಕು ಹೆಚ್ಚಾಗುತ್ತಿದೆ, ನಟರ ಮುಖ ಕಾಣುವುದು ಕಡಿಮೆಯಾಗುತ್ತಿದೆ. ಯಾವ ಊರಿನ ಹವ್ಯಾಸಿ ನಾಟಕಕ್ಕೆ ಹೋದರೂ ಹೆಚ್ಚುಕಡಿಮೆ ಒಂದೇ ಕಥೆ. ನಿನ್ನೆ ಮದುವೆಯ ಆರತಕ್ಷತೆಗೆ ಹೋಗಿದ್ದ ಎಲ್‌ಇಡಿ ಪಾರ್ ಲೈಟುಗಳೇ ಇವತ್ತು ನಾಟಕಕ್ಕೂ ಬಂದಿರುತ್ತವೆ. ದುಃಖಕ್ಕೆ ನೀಲಿ, ಸಿಟ್ಟಿಗೆ ಕೆಂಪು, ದೇವರು ಬಂದರೆ ಹಳದಿ, ದೆವ್ವ ಬಂದರೆ ಹಸಿರು. ತಾಯಿ ಸತ್ತ ಸುದ್ದಿ ಕೇಳಿದ ಮಗ ಮಾತಾಡದೆ ಕೂತಿದ್ದಾನೆ. ಅವನ ಮುಖದಲ್ಲಿ ಏನಾಗುತ್ತಿದೆ ಎಂದು ನೋಡಹೊರಟರೆ ಅವನ ಮೂಗು, ಹಿಂದಿನ ಪರದೆ, ಪಕ್ಕದ ಕುರ್ಚಿ, ವಿಂಗಿನಿಂದ ಇಣುಕುತ್ತಿರುವ ಮುಂದಿನ ಪಾತ್ರಧಾರಿ ಎಲ್ಲವೂ ಒಂದೇ ನೀಲಿಯಲ್ಲಿ ಅದ್ದಿ ತೆಗೆದಂತಿವೆ. ನಾಟಕ ಮುಗಿದ ಮೇಲೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು: 'ಲೈಟಿಂಗ್ ಭರ್ಜರಿಯಾಗಿತ್ತು.'

ಆ ಭರ್ಜರಿಯ ವಿರುದ್ಧ ಈ ಬರಹ. ನೂರಿನ್ನೂರು ಜನ ಕೂರುವ ಜಾಗದಲ್ಲಿ ನಾಟಕವಾಡುವ ತಂಡಕ್ಕೆ ಮುಖ್ಯವಾಗಿ ಬೇಕಾದ ದೀಪ 12 ವೋಲ್ಟಿನ, 50 ವಾಟಿನ ಪುಟ್ಟ ಹ್ಯಾಲೊಜೆನ್. ಅದರ ಬೆನ್ನಿಗೆ ಸರಿಯಾದ ಟ್ರಾನ್ಸ್‌ಫಾರ್ಮರ್, ಅದಕ್ಕೆ ಹೊಂದುವ ಡಿಮ್ಮರ್, ಇವೆರಡನ್ನೂ ಬಲ್ಲ ಒಬ್ಬ ಮನುಷ್ಯ. ಇಷ್ಟಿದ್ದರೆ ಮುಖ ಕಾಣುತ್ತದೆ. ಕತ್ತಲೆಯೂ ಕಾಣುತ್ತದೆ. ನಾವು ಇದನ್ನು ಬಿಟ್ಟು ಬೇರೆಲ್ಲದಕ್ಕೂ ಹಣ ಸುರಿಯುತ್ತಿದ್ದೇವೆ. ಕೆಲವು ತಂಡಗಳು ಈ ಪುಟ್ಟ ದೀಪಗಳನ್ನು ತರುತ್ತವೆ ನಿಜ, ಆದರೆ ಅವುಗಳಿಗೆ ವಿದ್ಯುತ್ತು ಕೊಡುವ ಕ್ರಮ ನೋಡಿದರೆ ತರದಿದ್ದರೇ ಒಳ್ಳೆಯದಿತ್ತು ಅನ್ನಿಸುತ್ತದೆ.

ಮೊದಲು ಈ ದೀಪ ಎಂಥದ್ದು ನೋಡೋಣ. ಆಭರಣದ ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲೆ, ಹೋಟೆಲಿನ ಫಾಲ್ಸ್ ಸೀಲಿಂಗಿನಲ್ಲಿ ಇದನ್ನು ನೀವು ನೋಡಿದ್ದೀರಿ. ಎರಡು ಇಂಚು ಅಗಲದ ಗಾಜಿನ ಬಟ್ಟಲು, ಅದರ ಒಳಮೈಗೆ ಕನ್ನಡಿಯ ಹಾಗೆ ಹೊಳೆಯುವ ಪುಟ್ಟ ಪುಟ್ಟ ಮುಖಗಳು, ನಡುವೆ ಬೆರಳ ತುದಿಯಷ್ಟು ಹ್ಯಾಲೊಜೆನ್ ಬಲ್ಬು, ಹಿಂದೆ ಎರಡು ಕಡ್ಡಿ. ಇದರ ಹೆಸರು ಎಂ.ಆರ್. 16. ಇಂಚಿನ ಎಂಟನೇ ಒಂದು ಭಾಗವನ್ನು ಅಳತೆಯಾಗಿ ಹಿಡಿದರೆ ಅಂಥ 16 ಭಾಗ, ಅಂದರೆ ಎರಡು ಇಂಚು; ಹೆಸರಿನ ಸಂಖ್ಯೆ ಬಂದದ್ದು ಹಾಗೆ. ಮೊದಲು ಇದನ್ನು ಮಾಡಿದ್ದು ಸ್ಲೈಡ್ ಪ್ರೊಜೆಕ್ಟರುಗಳಿಗಾಗಿ. ಆಮೇಲೆ ಅಂಗಡಿಗೆ ಹೋಯಿತು, ಅಲ್ಲಿಂದ ರಂಗಕ್ಕೆ ಬಂತು. ಇದನ್ನು ಹಾಕುವ ಪುಟ್ಟ ಡಬ್ಬಿಯನ್ನು ಇಂಗ್ಲಿಷ್ ರಂಗಭೂಮಿಯವರು 'ಬರ್ಡಿ' ಎಂದು ಕರೆಯುತ್ತಾರೆ. ಗಾಲ್ಫ್ ಆಟದಲ್ಲಿ 'ಪಾರ್'ಗಿಂತ ಒಂದು ಹೊಡೆತ ಕಡಿಮೆಯಾದರೆ ಬರ್ಡಿ. ಪಾರ್ ಲೈಟಿಗಿಂತ ಚಿಕ್ಕದು ಎಂಬ ತಮಾಷೆ ಅದರಲ್ಲಿದೆ.

12 ವೋಲ್ಟು ಯಾಕೆ ಬೇಕು, ಗೋಡೆಯ 230 ವೋಲ್ಟಿಗೇ 50 ವಾಟಿನ ಬಲ್ಬು ಸಿಗುತ್ತದಲ್ಲ ಎಂದು ಕೇಳಬಹುದು. ಕಾರಣ ತಂತಿಯಲ್ಲಿದೆ. 230 ವೋಲ್ಟಿನಲ್ಲಿ 50 ವಾಟು ಉರಿಯಬೇಕಾದರೆ ಬಲ್ಬಿನೊಳಗಿನ ತಂತಿಗೆ ಸುಮಾರು 1058 ಓಮ್ ಪ್ರತಿರೋಧ ಬೇಕು. ಅಂದರೆ ಅದು ಕೂದಲಿನಂತೆ ತೆಳ್ಳಗೆ, ಉದ್ದವಾಗಿ ಇರಬೇಕು. 12 ವೋಲ್ಟಿನಲ್ಲಿ ಅದೇ 50 ವಾಟಿಗೆ 2.88 ಓಮ್ ಸಾಕು. ತಂತಿ ದಪ್ಪ, ಗಿಡ್ಡ. ಗಿಡ್ಡ ತಂತಿಯ ಬೆಳಕು ಒಂದು ಚುಕ್ಕಿಯಿಂದ ಹೊರಟಂತೆ ಹೊರಡುತ್ತದೆ. ಚುಕ್ಕಿಯಿಂದ ಹೊರಟ ಬೆಳಕನ್ನು ಪುಟ್ಟ ಕನ್ನಡಿಯೂ ಹಿಡಿದು ಹೇಳಿದ ಕಡೆಗೆ ಕಳಿಸಬಲ್ಲದು. ದಪ್ಪ ತಂತಿಗೆ ಇನ್ನೊಂದು ಗುಣ, ಗಟ್ಟಿತನ: ಟೆಂಪೋದಲ್ಲಿ ಊರಿಂದೂರಿಗೆ ಕುಲುಕಿದರೂ ಸುಲಭಕ್ಕೆ ಕಡಿಯುವುದಿಲ್ಲ.

ಹೇಳಿದ ಕಡೆಗೆ ಹೋಗುವುದು ಅಂದರೇನು? ಈ ಬಲ್ಬು ಬೇರೆ ಬೇರೆ ಕೋನಗಳಲ್ಲಿ ಸಿಗುತ್ತದೆ. 12 ಡಿಗ್ರಿಯ ಬಲ್ಬನ್ನು ಹತ್ತು ಅಡಿ ದೂರದಲ್ಲಿಟ್ಟರೆ ಬೀಳುವುದು ಸುಮಾರು ಎರಡು ಅಡಿಯ ವೃತ್ತ: ಒಂದು ಮುಖ, ಎರಡು ಭುಜ. 36 ಡಿಗ್ರಿಯದನ್ನು ಅಷ್ಟೇ ದೂರದಲ್ಲಿಟ್ಟರೆ ಆರೂವರೆ ಅಡಿ: ಎದುರುಬದುರು ಕೂತ ಇಬ್ಬರು. ನಾಟಕದಲ್ಲಿ ನಮಗೆ ಬೇಕಾದ ಅಳತೆಗಳೇ ಇವು. 1000 ವಾಟಿನ ಪಾರ್ ಕ್ಯಾನನ್ನು ಹತ್ತು ಅಡಿ ದೂರದಲ್ಲಿ ಕಟ್ಟಿದರೆ ಏನಾಗುತ್ತದೆ? ನಟನಿಗೆ ಬೆವರು ಸುರಿಯುತ್ತದೆ, ಕಣ್ಣು ಕುಕ್ಕುತ್ತದೆ, ಹಣೆ ಮೂಗು ಬೆಳ್ಳಗಾಗಿ ಕಣ್ಣಿನ ಗುಳಿ ಕಪ್ಪಾಗುತ್ತದೆ. ಅದನ್ನು ಡಿಮ್ಮರಿನಲ್ಲಿ ಇಳಿಸಿ ಇಳಿಸಿ ಕಾಲುಭಾಗಕ್ಕೆ ತಂದಿಟ್ಟುಕೊಂಡು 'ಈಗ ಸರಿಹೋಯ್ತು' ಎನ್ನುತ್ತೇವೆ. ಆ ದೀಪ ಮಾಡಿರುವುದೇ ಮೂವತ್ತು ನಲವತ್ತು ಅಡಿ ದೂರದಿಂದ ಹೊಡೆಯಲು. ಎತ್ತಿನ ಗಾಡಿಯಲ್ಲಿ ಒಂದು ಹಿಡಿ ಉಪ್ಪು ಹೇರಿಕೊಂಡು ಬಂದ ಹಾಗೆ.

ಆಪ್ತ ರಂಗಭೂಮಿ ಎಂದು ನಾವು ಹೆಮ್ಮೆಯಿಂದ ಕರೆಯುವ ನಾಟಕಗಳು ಆಡುವುದೇ ಇಂಥ ಜಾಗಗಳಲ್ಲಿ. ಶಾಲೆಯ ಹಾಲು, ಸಮುದಾಯ ಭವನ, ಯಾರದೋ ಮನೆಯ ತಾರಸಿ, ಕಾಲೇಜಿನ ಸೆಮಿನಾರ್ ಕೋಣೆ. ಅಲ್ಲಿ ಸಿಗುವುದು ಒಂದೋ ಎರಡೋ 15 ಆಂಪಿನ ಪ್ಲಗ್ ಪಾಯಿಂಟು. ಲೆಕ್ಕ ಸರಳ: 15 ಆಂಪಿಗೆ 230 ವೋಲ್ಟು ಗುಣಿಸಿದರೆ 3450 ವಾಟು. 1000 ವಾಟಿನ ಪಾರ್ ಮೂರು ಹಚ್ಚಿದರೆ ಮುಗಿಯಿತು. ಅದೇ ಪ್ಲಗ್ಗಿನಿಂದ, ಟ್ರಾನ್ಸ್‌ಫಾರ್ಮರಿನ ನಷ್ಟ ಕಳೆದು, ಸುರಕ್ಷತೆಗೆ ಅಂತ ಒಂದಷ್ಟು ಬಿಟ್ಟುಕೊಟ್ಟರೂ ನಲವತ್ತು ಪುಟ್ಟ ದೀಪ ನೆಮ್ಮದಿಯಾಗಿ ಉರಿಯುತ್ತವೆ. ಮೂರು ದೀಪದಲ್ಲಿ ಹಚ್ಚುವುದು, ಆರಿಸುವುದು ಬಿಟ್ಟು ಬೇರೇನು ಮಾಡಲು ಸಾಧ್ಯ? ನಲವತ್ತು ದೀಪ ಇದ್ದರೆ ಬಾಗಿಲಿಗೊಂದು, ತೊಟ್ಟಿಲಿಗೊಂದು, ಮಂಚದ ಕೆಳಗಿನ ಟ್ರಂಕಿಗೊಂದು ಎಂದು ನಾಟಕದ ಒಂದೊಂದು ಜಾಗಕ್ಕೂ ಅದರದೇ ಬೆಳಕು ಕೊಡಬಹುದು.

ಇದಕ್ಕೆ ಬರುವ ಮೊದಲ ಆಕ್ಷೇಪ, 'ಇದೆಲ್ಲ ದುಡ್ಡಿಲ್ಲದವರ ಸಮಾಧಾನ' ಎಂಬುದು. ಕಡಿಮೆ ವೋಲ್ಟಿನ ದೀಪ ಬಡವರ ದೀಪ ಎಂದು ತಿಳಿದವರು ಜೋಸೆಫ್ ಸ್ವೊಬೊದಾ ಅವರ ಹೆಸರು ಕೇಳಿಲ್ಲ ಅಂದುಕೊಳ್ಳುತ್ತೇನೆ. ಪ್ರಾಗ್‌ನ ಈ ರಂಗವಿನ್ಯಾಸಕ ಇಪ್ಪತ್ತನೇ ಶತಮಾನದ ಅತಿ ದೊಡ್ಡ ಹೆಸರುಗಳಲ್ಲೊಂದು. ಬೆಳಕನ್ನೇ ಗೋಡೆಯಂತೆ, ಕಂಬದಂತೆ ರಂಗದ ಮೇಲೆ ನಿಲ್ಲಿಸಲು ಅವರು ಆರಿಸಿಕೊಂಡದ್ದು ಕಡಿಮೆ ವೋಲ್ಟಿನ ದೀಪಗಳನ್ನೇ. ಇಂದಿಗೂ ಅವರ ಹೆಸರಿನಿಂದಲೇ ಕರೆಯುವ ದೀಪದ ಪಟ್ಟಿಯಲ್ಲಿ 24 ವೋಲ್ಟಿನ, 250 ವಾಟಿನ ಒಂಬತ್ತು ಬಲ್ಬುಗಳಿವೆ. ಯುರೋಪಿನ ಅತ್ಯಂತ ಶ್ರೀಮಂತ ಒಪೆರಾ ಮನೆಗಳಲ್ಲಿ ಕೆಲಸ ಮಾಡಿದ ಮನುಷ್ಯ ಆತ. ಬೇಕಾದರೆ ಎಷ್ಟು ದೊಡ್ಡ ದೀಪವನ್ನಾದರೂ ತರಿಸಿಕೊಳ್ಳಬಹುದಿತ್ತು. ಗಿಡ್ಡ ತಂತಿಯ ಬೆಳಕು ಚದುರದೆ ನೇರವಾಗಿ ಹೋಗುತ್ತದೆ ಎಂಬ ಕಾರಣಕ್ಕೇ ಇದನ್ನು ಹಿಡಿದರು.

ಅಷ್ಟು ದೂರ ಯಾಕೆ, ಕೊಲ್ಕತ್ತದ ತಾಪಸ್ ಸೇನ್ ಇದ್ದರಲ್ಲ. 1959ರಲ್ಲಿ 'ಸೇತು' ನಾಟಕದಲ್ಲಿ ರಂಗದ ಮೇಲೆ ರೈಲು ಓಡಿಸಿದರು. ಅದೇ ವರ್ಷ ಉತ್ಪಲ್ ದತ್ತರ 'ಅಂಗಾರ್' ನಾಟಕದಲ್ಲಿ ಕಲ್ಲಿದ್ದಲ ಗಣಿಯೊಳಗೆ ನೀರು ನುಗ್ಗಿ ತುಂಬುವುದನ್ನು ತೋರಿಸಿದರು. ರೈಲೂ ಇರಲಿಲ್ಲ, ನೀರೂ ಇರಲಿಲ್ಲ. ಬೆಳಕು ಎಲ್ಲಿಂದ ಬರಬೇಕು, ಎಲ್ಲಿ ಬರಬಾರದು, ಎಷ್ಟು ಹೊತ್ತಿಗೆ ಬರಬೇಕು ಎಂಬ ತಿಳಿವಳಿಕೆ ಇತ್ತು. ಇವತ್ತು ನಮ್ಮ ಬಳಿ ರೈಲಿನ ವಿಡಿಯೊ ತೋರಿಸುವ ಎಲ್‌ಇಡಿ ಪರದೆ ಬಾಡಿಗೆಗೆ ಸಿಗುತ್ತದೆ. ಅದರ ಮುಂದೆ ನಿಂತ ನಟನಿಗಿಂತ ಪರದೆಯೇ ಹೆಚ್ಚು ಬೆಳಗುತ್ತದೆ.

ಎರಡನೆಯ ಆಕ್ಷೇಪ ಗಂಭೀರವಾದದ್ದು: 'ಹ್ಯಾಲೊಜೆನ್ ಕಾಲ ಮುಗಿಯಿತು, ಈಗೆಲ್ಲ ಎಲ್‌ಇಡಿ.' ಇದರಲ್ಲಿ ಸತ್ಯವಿದೆ. ಎಲ್‌ಇಡಿ ಕಡಿಮೆ ವಿದ್ಯುತ್ತು ತಿನ್ನುತ್ತದೆ, ಅಷ್ಟು ಬಿಸಿಯಾಗುವುದಿಲ್ಲ, ಜೆಲ್ ಹಾಳೆ ಸುಟ್ಟು ಹೋಗುವ ತಾಪತ್ರಯವಿಲ್ಲ, ಒಂದೇ ದೀಪದಲ್ಲಿ ಹತ್ತು ಬಣ್ಣ ಬರುತ್ತದೆ. ಹಿಂದಿನ ಸೈಕ್ಲೋರಾಮಕ್ಕೆ ಆಕಾಶದ ಬಣ್ಣ ಬಳಿಯಲು ಅದನ್ನು ಮೀರಿಸಿದ್ದಿಲ್ಲ. ಅಲ್ಲಿಗೆ ನಾನೂ ಅದನ್ನೇ ಹಾಕುತ್ತೇನೆ. ಹ್ಯಾಲೊಜೆನ್ ಬಲ್ಬುಗಳು ಅಂಗಡಿಗಳಲ್ಲಿ ಸಿಗುವುದು ಕಡಿಮೆಯಾಗುತ್ತಿದೆ ಎಂಬುದೂ ನಿಜ.

ಆದರೆ ಮುಖಕ್ಕೆ ಬಂದಾಗ ಮಾತು ಬೇರೆ. ಹ್ಯಾಲೊಜೆನ್ ಬಲ್ಬನ್ನು ಇಳಿಸುತ್ತಾ ಹೋದಂತೆ ತಂತಿ ತಣ್ಣಗಾಗುತ್ತದೆ, ಬೆಳಕು ಬಿಳಿಯಿಂದ ಹಳದಿಗೆ, ಹಳದಿಯಿಂದ ಕಿತ್ತಳೆಗೆ, ಕೊನೆಗೆ ಕೆಂಡದ ಬಣ್ಣಕ್ಕೆ ಬಂದು ಆರುತ್ತದೆ. ಒಲೆಯ ಕೆಂಡವೂ ಹೀಗೆಯೇ ಆರುತ್ತದೆ. ಆ ಇಳಿತಕ್ಕೆ ನಮ್ಮ ಕಣ್ಣು ಸಾವಿರಾರು ವರ್ಷಗಳಿಂದ ಒಗ್ಗಿದೆ. ಸಾಮಾನ್ಯ ಎಲ್‌ಇಡಿ ಇಳಿಸಿದರೆ ಬಣ್ಣ ಹಾಗೇ ಇರುತ್ತದೆ, ಬೆಳಕಷ್ಟೇ ಕಡಿಮೆಯಾಗುತ್ತದೆ, ಮುಖ ಬೂದಿಯಾಗುತ್ತದೆ. ಇನ್ನು ನಮಗೆ ಬಾಡಿಗೆಗೆ ಸಿಗುವ ಅಗ್ಗದ ಎಲ್‌ಇಡಿ ಪಾರ್‌ಗಳ ಕಥೆ ಕೇಳಲೇಬೇಡಿ. ಫೇಡರಿನ ಕೊನೆಯ ಹತ್ತು ಭಾಗದಲ್ಲಿ ಅವು ಮೆಟ್ಟಿಲಿಳಿದಂತೆ ಕುಪ್ಪಳಿಸಿ ಕುಪ್ಪಳಿಸಿ ಇಳಿದು, ಪಟ್ ಎಂದು ಆರುತ್ತವೆ. ಮುದುಕಿ ಕೊನೆಯುಸಿರು ಬಿಡುವ ದೃಶ್ಯದಲ್ಲಿ ಬೆಳಕು ನಾಲ್ಕು ಬಾರಿ ಕುಪ್ಪಳಿಸಿದರೆ ಆ ಸಾವು ಯಾರನ್ನು ಮುಟ್ಟುತ್ತದೆ? ಚೆನ್ನಾಗಿ ಇಳಿಯುವ, ಇಳಿಯುತ್ತಾ ಬಣ್ಣ ಬೆಚ್ಚಗಾಗುವ ಎಲ್‌ಇಡಿ ದೀಪಗಳೂ ಇವೆ. ಆದರೆ ಅವುಗಳ ಬೆಲೆ ಕೇಳಿದ ಮೇಲೆ ಯಾವ ಹವ್ಯಾಸಿ ತಂಡದ ಕಾರ್ಯದರ್ಶಿಯೂ ಎರಡನೇ ಸಲ ಫೋನ್ ಮಾಡುವುದಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟು: ಎಲ್‌ಇಡಿ ಕೊಳ್ಳುವುದಾದರೆ ಅದು ಎಷ್ಟು ಜೋರಾಗಿ ಉರಿಯುತ್ತದೆ ಎಂದು ನೋಡಬೇಡಿ, ಹೇಗೆ ಆರುತ್ತದೆ ಎಂದು ನೋಡಿ. ಕೋಣೆಯ ಕಿಟಕಿ ಮುಚ್ಚಿ, ಹತ್ತು ಭಾಗದಿಂದ ಸೊನ್ನೆಗೆ ನಿಧಾನವಾಗಿ ಇಳಿಸಿ ನೋಡಿ. ಮಾರುವವನು ಗಡಿಬಿಡಿ ಮಾಡಿದರೆ ಎದ್ದು ಬನ್ನಿ.

ಮಂದ ಬೆಳಕಿನಲ್ಲಿ ಮುಖ ನೋಡುವುದು ನಮಗೆ ಹೊಸತೂ ಅಲ್ಲ, ಹೊರಗಿನಿಂದ ಬಂದ ಶೋಕಿಯೂ ಅಲ್ಲ. ಯಕ್ಷಗಾನದವರು ಹಿಲಾಲು, ದೀವಟಿಗೆಗಳ ಬೆಳಕಿನಲ್ಲಿ ಕುಣಿಯುತ್ತಿದ್ದ ಕಾಲದಲ್ಲಿ ಬಣ್ಣಗಾರಿಕೆ ರೂಪುಗೊಂಡದ್ದೇ ಆ ಬೆಳಕಿಗೆ. ಉರಿ ಅಲುಗಿದಾಗ ಬಣ್ಣದ ವೇಷದ ಮುಖವೂ ಅಲುಗುತ್ತಿತ್ತು. ಗಿರೀಶ ಕಾರ್ನಾಡರ 'ನಾಗಮಂಡಲ' ಶುರುವಾಗುವುದೇ ರಾತ್ರಿ ಹೊತ್ತು ಪಾಳುಗುಡಿಯಲ್ಲಿ. ಊರ ಮನೆಗಳಲ್ಲಿ ಆರಿದ ದೀಪಗಳ ಜ್ವಾಲೆಗಳು ಅಲ್ಲಿ ಸೇರಿ ಮಾತಾಡಿಕೊಳ್ಳುತ್ತವೆ. ಅಂಥ ದೃಶ್ಯವನ್ನು ಇಡೀ ರಂಗ ತೊಯ್ಯುವ ನೇರಳೆ ಬೆಳಕಿನಲ್ಲಿ ಆಡಿಸುವುದಾದರೆ ಆ ಜ್ವಾಲೆಗಳಿಗೆ ಅಲ್ಲಿ ಏನು ಕೆಲಸ? ಎರಡು ಅಡಿಯ ಏಳೆಂಟು ವೃತ್ತಗಳು, ಒಂದೊಂದೂ ಒಂದೊಂದು ಚಾನೆಲಿನಲ್ಲಿ, ಕೆಂಡದ ಬಣ್ಣಕ್ಕೆ ಇಳಿಸಿಟ್ಟದ್ದು; ಇದಕ್ಕಿಂತ ಹೆಚ್ಚಿನದನ್ನು ಆ ದೃಶ್ಯ ಕೇಳುವುದಿಲ್ಲ.

ಇನ್ನು ನಮ್ಮವರ ಮೇಲಿನ ಸಿಟ್ಟಿಗೆ ಬರುತ್ತೇನೆ. ಪುಟ್ಟ ದೀಪವನ್ನು ಒಪ್ಪಿದ ತಂಡಗಳೂ ಅದರ ಬೆನ್ನ ಹಿಂದಿನ ಟ್ರಾನ್ಸ್‌ಫಾರ್ಮರನ್ನು ಒಪ್ಪುವುದಿಲ್ಲ. ಅದು ಕಾಣುವ ವಸ್ತುವಲ್ಲ, ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ. ಹಾಗಾಗಿ ಫಾಲ್ಸ್ ಸೀಲಿಂಗ್ ಸಾಮಾನಿನ ಅಂಗಡಿಗೆ ಹೋಗಿ, ಸೋಪಿನ ಬಿಲ್ಲೆಯಷ್ಟು ಹಗುರದ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಇಪ್ಪತ್ತು ತಂದು, ಅದನ್ನು ಬಾಡಿಗೆ ಡಿಮ್ಮರಿಗೆ ಸಿಕ್ಕಿಸಿ, ದೀಪ ಮಿಣುಕಲು ಶುರುವಾದಾಗ 'ಈ ಪುಟ್ಟ ದೀಪಗಳ ಹಣೆಬರಹವೇ ಇಷ್ಟು' ಎಂದು ಬಯ್ಯುತ್ತಾರೆ.

ಅದು ದೀಪದ ಹಣೆಬರಹ ಅಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಏರಿ ಇಳಿಯುವ ಅಲೆ. ಸಾಮಾನ್ಯ ಟ್ರಯಾಕ್ ಡಿಮ್ಮರ್ ಪ್ರತಿ ಅರ್ಧ ಅಲೆಯ ಮುಂಭಾಗವನ್ನು ಕತ್ತರಿಸಿ ಉಳಿದದ್ದನ್ನು ಬಿಡುತ್ತದೆ. ಕಬ್ಬಿಣದ ತಿರುಳಿಗೆ ತಾಮ್ರದ ತಂತಿ ಸುತ್ತಿದ ಹಳೆಯ ಮಾದರಿಯ ಟ್ರಾನ್ಸ್‌ಫಾರ್ಮರ್ ಇದನ್ನು ತಾಳಿಕೊಳ್ಳುತ್ತದೆ. ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿಗೆ ಹೀಗೆ ಮುಂಭಾಗದಲ್ಲಿ ಧಡಕ್ಕನೆ ಬಂದು ಬಡಿಯುವ ವಿದ್ಯುತ್ತು ಆಗಿಬರುವುದಿಲ್ಲ. ಅದಕ್ಕೆ ಅಲೆಯ ಹಿಂಭಾಗವನ್ನು ಕತ್ತರಿಸುವ ಬೇರೆ ಬಗೆಯ ಡಿಮ್ಮರ್ ಬೇಕು. ಅಷ್ಟೇ ಅಲ್ಲ, ಅದರ ಮೇಲೆ ಕನಿಷ್ಠ ಇಷ್ಟು ವಾಟಿನ ಭಾರ ಇರಲೇಬೇಕು ಎಂದು ಬರೆದಿರುತ್ತದೆ. ಹ್ಯಾಲೊಜೆನ್ ತೆಗೆದು ಅದೇ ಆಕಾರದ 5 ವಾಟಿನ ಎಲ್‌ಇಡಿ ಬಲ್ಬು ಸಿಕ್ಕಿಸಿದರೆ ಆ ಭಾರ ಇಲ್ಲವಾಗಿ ಮಿಣುಕಾಟ ಶುರು. ಮೈಮೇಲೆ ಅಂಟಿಸಿದ ಚೀಟಿಯನ್ನು ಓದುವ ಒಂದು ನಿಮಿಷದ ತಾಳ್ಮೆ ಇದ್ದರೆ ಇಷ್ಟೂ ಗೊತ್ತಾಗುತ್ತದೆ. ಇನ್ನು ಕೆಲವರು ಸೀಲಿಂಗ್ ಫ್ಯಾನಿನ ರೆಗ್ಯುಲೇಟರನ್ನೇ ಡಿಮ್ಮರ್ ಎಂದು ಹಲಗೆಗೆ ಕೂರಿಸಿಕೊಂಡು ಬರುತ್ತಾರೆ. ಅದರ ಕೆಲಸ ಫ್ಯಾನು ತಿರುಗಿಸುವುದು. ಟ್ರಾನ್ಸ್‌ಫಾರ್ಮರ್ ಹೊರುವುದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಕಬ್ಬಿಣದ ಟ್ರಾನ್ಸ್‌ಫಾರ್ಮರ್ ತಂದ ಮಾತ್ರಕ್ಕೂ ಎಲ್ಲ ಮುಗಿಯಲಿಲ್ಲ. ದೊಡ್ಡ ಡಿಮ್ಮರಿಗೆ ಒಂದೇ ಒಂದು ಪುಟ್ಟ ದೀಪ ಕೊಟ್ಟರೆ ಭಾರ ಸಾಲದೆ ಅದು ಅಲೆಯ ಮೇಲಿನರ್ಧವನ್ನೂ ಕೆಳಗಿನರ್ಧವನ್ನೂ ಸಮನಾಗಿ ಕತ್ತರಿಸದೆ ತಡವರಿಸುತ್ತದೆ. ಆಗ ಸುರುಳಿಯೊಳಗೆ ಒಂದೇ ದಿಕ್ಕಿಗೆ ಎಳೆಯುವ ವಿದ್ಯುತ್ತು ಸೇರಿಕೊಂಡು ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ, ಫ್ಯೂಸು ಹಾರುತ್ತದೆ. ಇದಕ್ಕೆ ಮದ್ದು ಬಹಳ ಹಳೆಯದು, ಬಹಳ ಅಗ್ಗದ್ದು. ಅದೇ ಚಾನೆಲಿನಲ್ಲಿ ಟ್ರಾನ್ಸ್‌ಫಾರ್ಮರಿನ ಜೊತೆಗೆ ಸಮಾನಾಂತರವಾಗಿ ಒಂದು ಸಾಮಾನ್ಯ 60 ಅಥವಾ 100 ವಾಟಿನ ತಂತಿಬಲ್ಬನ್ನು ನೇಪಥ್ಯದಲ್ಲಿ, ಗಾಳಿಯಾಡುವ ತಗಡಿನ ಡಬ್ಬಿಯೊಳಗೆ, ಯಾರಿಗೂ ಕಾಣದಂತೆ ಉರಿಯಬಿಡಬೇಕು. ಆ ಬಲ್ಬು ಡಿಮ್ಮರಿಗೆ ಬೇಕಾದ ಭಾರ ಕೊಡುತ್ತದೆ, ಮುಂದಿನ ಪುಟ್ಟ ದೀಪ ತಣ್ಣಗೆ ಏರಿ ಇಳಿಯುತ್ತದೆ. ಇಷ್ಟು ಸಣ್ಣ ವಿದ್ಯೆಯನ್ನು ನಮ್ಮ ಎಷ್ಟು ರಂಗ ತರಬೇತಿ ಶಿಬಿರಗಳಲ್ಲಿ ಹೇಳಿಕೊಡುತ್ತೇವೆ? ಬೆಳಕಿನ ತರಗತಿಯಲ್ಲಿ ಕೆಂಪು ಯಾವ ರಸ, ನೀಲಿ ಯಾವ ಭಾವ ಎಂದು ಎರಡು ಗಂಟೆ ಮಾತಾಡುತ್ತೇವೆ. ಒಂದು ಪ್ಲಗ್ಗು ಬಿಚ್ಚಿ ಕಟ್ಟಲು ಬಾರದ ವಿದ್ಯಾರ್ಥಿ ಪ್ರಮಾಣಪತ್ರ ಹಿಡಿದು ಹೊರಬರುತ್ತಾನೆ.

ಟ್ರಾನ್ಸ್‌ಫಾರ್ಮರ್ ಎಲ್ಲಿಡಬೇಕು ಎಂಬ ವಿಚಾರಕ್ಕೂ ಇದೇ ಗತಿ. ಡಿಮ್ಮರ್ ಮೊದಲು, ಆಮೇಲೆ ಟ್ರಾನ್ಸ್‌ಫಾರ್ಮರ್, ಆಮೇಲೆ ದೀಪ. ಈ ಸಾಲು ತಪ್ಪಬಾರದು. ಟ್ರಾನ್ಸ್‌ಫಾರ್ಮರನ್ನು ದೀಪದ ಹತ್ತಿರವೇ ಇಡಬೇಕು. 'ಗುಂಯ್ ಸದ್ದು ಬರುತ್ತೆ, ಆಚೆ ಇಡ್ರಿ' ಎಂದು ನಿರ್ದೇಶಕರು ಹೇಳಿದರೆಂದು ಅದನ್ನು ನೇಪಥ್ಯಕ್ಕೆ ತಳ್ಳಿ 12 ವೋಲ್ಟನ್ನು ಹತ್ತು ಮೀಟರ್ ಎಳೆದರೆ ಏನಾಗುತ್ತದೆ ನೋಡಿ. 50 ವಾಟಿನ ದೀಪ 230 ವೋಲ್ಟಿನಲ್ಲಿ ಎಳೆಯುವುದು ಆಂಪಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು. 12 ವೋಲ್ಟಿನಲ್ಲಿ ಎಳೆಯುವುದು ನಾಲ್ಕು ಆಂಪಿಗೂ ಮಿಗಿಲು. ಮನೆಯ ವೈರಿಂಗಿನಲ್ಲಿ ಬಳಸುವ 1.5 ಚದರ ಮಿಲಿಮೀಟರಿನ ತಂತಿಯಲ್ಲಿ ಹೋಗಿ ಬರುವ ದಾರಿ ಸೇರಿ 20 ಮೀಟರು. ದಾರಿಯಲ್ಲೇ ಸುಮಾರು ಒಂದು ವೋಲ್ಟು ಕರಗುತ್ತದೆ. ಹನ್ನೆರಡರಲ್ಲಿ ಒಂದು ಹೋದರೆ ಏನು ಮಹಾ ಎನ್ನಬೇಡಿ, ಬೆಳಕಿನಲ್ಲಿ ಹೆಚ್ಚುಕಡಿಮೆ ಕಾಲುಭಾಗ ಹೋಗುತ್ತದೆ. ಆಮೇಲೆ 'ಪುಟ್ಟ ದೀಪಕ್ಕೆ ತಾಕತ್ತಿಲ್ಲ' ಎಂಬ ದೂರು. ಗುಂಯ್ ಸದ್ದಿಗೆ ಮದ್ದು ಬೇರೆ ಇದೆ: ಚೆನ್ನಾಗಿ ಸುತ್ತಿ ಬಿಗಿ ಮಾಡಿದ ಟ್ರಾನ್ಸ್‌ಫಾರ್ಮರ್, ಅದರಡಿಗೆ ರಬ್ಬರಿನ ತುಂಡು, ಮತ್ತು ಆಗಲೇ ಹೇಳಿದ ಡಬ್ಬಿಯ ಬಲ್ಬು.

ಇಷ್ಟು ಹೊತ್ತು ಹೇಳಿದ್ದರಲ್ಲಿ ತಪ್ಪಿದರೆ ನಾಟಕ ಕೆಡುತ್ತದೆ, ಅಷ್ಟೇ. ಈಗ ಹೇಳುವುದರಲ್ಲಿ ತಪ್ಪಿದರೆ ಜೀವ ಹೋಗುತ್ತದೆ.

ಟ್ರಾನ್ಸ್‌ಫಾರ್ಮರಿನ ದುಡ್ಡು ಉಳಿಸಲು ಕೆಲವರು 12 ವೋಲ್ಟಿನ ಇಪ್ಪತ್ತು ಬಲ್ಬುಗಳನ್ನು ಒಂದರ ಬಾಲಕ್ಕೊಂದು ಕಟ್ಟಿ ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕುತ್ತಾರೆ. ಗಣೇಶನ ಹಬ್ಬದ ಸೀರಿಯಲ್ ಸೆಟ್ಟಿನ ತರ್ಕ: 12 ಇಂಟು 20, 240, ಲೆಕ್ಕ ಸರಿಹೋಯಿತು. ಸ್ವೊಬೊದಾ ದೀಪವೂ ಸರಣಿಯೇ ಅಲ್ಲವೇ ಎಂದು ವಾದಿಸಬಹುದು. ಹೌದು, ಆದರೆ ಅಲ್ಲಿ ಒಂಬತ್ತು ಬಲ್ಬುಗಳೂ ಅರ್ಥಿಂಗ್ ಇರುವ ಒಂದೇ ಕಬ್ಬಿಣದ ಪೆಟ್ಟಿಗೆಯೊಳಗೆ ಭದ್ರವಾಗಿವೆ. ಅದನ್ನು 230 ವೋಲ್ಟಿನ ದೀಪವೆಂದೇ ಎಲ್ಲರೂ ಎಣಿಸುತ್ತಾರೆ. ನಮ್ಮಲ್ಲಿ ಬಲ್ಬುಗಳು ಹುಲ್ಲಿನ ಗುಡಿಸಲ ಸೆಟ್ಟಿನಲ್ಲಿ, ಬಿದಿರಿನ ಕಂಬದಲ್ಲಿ, ನಟಿಯ ಕೈಗೆಟುಕುವ ಗೂಡಿನಲ್ಲಿ ಇರುತ್ತವೆ, ಹೋಲ್ಡರಿನ ಕಡ್ಡಿ ಬರಿಗಣ್ಣಿಗೆ ಕಾಣುತ್ತಿರುತ್ತದೆ. ಬಲ್ಬಿನ ಮೇಲೆ 12 ವೋಲ್ಟು ಎಂದು ಬರೆದಿದೆ, ನಿಜ. ಅದು ಆ ಬಲ್ಬಿನ ಎರಡು ಕಡ್ಡಿಗಳ ನಡುವಿನ ಮಾತು. ಕಡ್ಡಿಗೂ ನೆಲಕ್ಕೂ ನಡುವೆ ಪೂರ್ತಿ 230ರವರೆಗೂ ಇರಬಹುದು. ಸರಣಿಯಲ್ಲಿ ಒಂದು ಬಲ್ಬು ಸುಟ್ಟರೆ ಎಲ್ಲವೂ ಆರುತ್ತವೆ, ಆ ಸುಟ್ಟ ಬಲ್ಬಿನ ಎರಡು ತುದಿಗಳ ನಡುವೆಯೇ ಪೂರ್ತಿ ವೋಲ್ಟೇಜು ಬಂದು ನಿಲ್ಲುತ್ತದೆ. ದೃಶ್ಯದ ನಡುವೆ ಕತ್ತಲಾದಾಗ ಯಾರೋ ಹುಡುಗ ಓಡಿ ಬಂದು 'ಯಾವುದು ಹೋಯ್ತು' ಎಂದು ಒಂದೊಂದನ್ನೇ ಅಲ್ಲಾಡಿಸಿ ನೋಡುತ್ತಾನಲ್ಲ, ಅವನ ಬೆರಳು ಹೋಗುವುದು ಅಲ್ಲಿಗೇ. 'ಬರೀ 12 ವೋಲ್ಟು ಸಾರ್, ಏನೂ ಆಗಲ್ಲ' ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಮಳೆ ಬಿದ್ದ ಬಯಲುರಂಗದ ಒದ್ದೆ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತು ಹೇಳಿದ್ದನ್ನೂ ಕೇಳಿದ್ದೇನೆ.

ಸರಿಯಾದ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಸುರುಳಿಗಳು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಇರುತ್ತವೆ. ಗೋಡೆಯ ವಿದ್ಯುತ್ತಿಗೂ ದೀಪದ ವಿದ್ಯುತ್ತಿಗೂ ನೇರ ಸಂಬಂಧವೇ ಇಲ್ಲ. ನಟಿಯ ಕೈ ತಾಗಿದರೂ ಹೆದರಬೇಕಾಗಿಲ್ಲ ಎಂದು ಹೇಳಬಹುದಾದದ್ದು ಆ ಬೇರ್ಪಡೆಯ ಬಲದ ಮೇಲೆ. ಒಂದೇ ಸುರುಳಿಯ ಆಟೋ ಟ್ರಾನ್ಸ್‌ಫಾರ್ಮರ್ ಹಾಕಿದರೆ ಆ ಭರವಸೆಯೂ ಇಲ್ಲ. ಇನ್ನೊಂದು ಮಾತು: 12 ವೋಲ್ಟು ಶಾಕ್ ಹೊಡೆಯದಿರಬಹುದು, ಆದರೆ ಸುಡುತ್ತದೆ. 50 ವಾಟಿನ ನಾಲ್ಕು ದೀಪಗಳು ಒಂದೇ ತಂತಿಯಲ್ಲಿದ್ದರೆ ಆ ತಂತಿಯಲ್ಲಿ ಹರಿಯುವುದು ಸುಮಾರು 17 ಆಂಪು. 12 ವೋಲ್ಟು ತಾನೇ ಎಂದು ಸ್ಪೀಕರಿನ ಸಣ್ಣ ತಂತಿಯಲ್ಲಿ ಅದನ್ನು ಎಳೆದರೆ ತಂತಿಯ ಹೊದಿಕೆ ಕರಗುತ್ತದೆ. ಅದು ಹಾದುಹೋಗುವುದು ಬಟ್ಟೆಯ ಪರದೆಯ ಪಕ್ಕದಲ್ಲಿ. ದೀಪದ ಕಡೆಗೂ ಒಂದು ಫ್ಯೂಸು, ದಪ್ಪ ತಂತಿ, ಬಿಗಿಯಾದ ಸ್ಕ್ರೂ. ಇವಕ್ಕೆ ಆಗುವ ಖರ್ಚು ಬ್ಯಾನರಿಗೆ ಕೊಡುವ ದುಡ್ಡಿಗಿಂತ ಹೆಚ್ಚೇನಲ್ಲ.

ಹಾಗಾದರೆ ಯಾಕೆ ಆಗುತ್ತಿಲ್ಲ? ನಮ್ಮ ತಂಡಗಳಲ್ಲಿ ಬೆಳಕು ಕೊನೆಯ ದಿನದ ಕೆಲಸ. ನಟರಿಗೆ ಎರಡು ತಿಂಗಳ ತಾಲೀಮು, ಹಾಡಿಗೆ ಮೂರು ವಾರ, ಬೆಳಕಿನವನಿಗೆ ಪ್ರದರ್ಶನದ ದಿನ ಮಧ್ಯಾಹ್ನ ಮೂರರಿಂದ ಆರು. ಅವನು ನಾಟಕವನ್ನು ಮೊದಲ ಬಾರಿ ನೋಡುವುದು ಪ್ರೇಕ್ಷಕರ ಜೊತೆಯಲ್ಲೇ. ಹಾಗಿರುವಾಗ ಇಡೀ ರಂಗಕ್ಕೆ ಬಣ್ಣ ಹೊಡೆಯುವ ದೀಪಗಳೇ ಅವನಿಗೆ ಕ್ಷೇಮ. ನಟ ಎಲ್ಲಿ ನಿಂತರೂ ಬೆಳಕು ಬೀಳುತ್ತದೆ. ಎರಡು ಅಡಿಯ ವೃತ್ತಕ್ಕೆ ನಟ ಎಲ್ಲಿ ನಿಲ್ಲುತ್ತಾನೆ ಎಂಬುದು ಮೊದಲೇ ಗೊತ್ತಿರಬೇಕು, ನಟನಿಗೂ ತಾನು ಎಲ್ಲಿ ನಿಲ್ಲಬೇಕು ಎಂಬ ಶಿಸ್ತು ಇರಬೇಕು. ಪುಟ್ಟ ದೀಪ ನಮ್ಮ ಸೋಮಾರಿತನವನ್ನು ಮುಚ್ಚಿಕೊಡುವುದಿಲ್ಲ. ಅದನ್ನು ನಾವು ದೂರ ಇಟ್ಟಿರುವುದು ಈ ಕಾರಣಕ್ಕೆ ಎಂದೇ ನನ್ನ ಅನುಮಾನ. ಕರಪತ್ರದಲ್ಲಿ ನಟರ ಹೆಸರಾದ ಮೇಲೆ, ಪ್ರಸಾಧನ, ವಸ್ತ್ರವಿನ್ಯಾಸವಾದ ಮೇಲೆ, 'ಸಹಕಾರ' ಎಂಬ ಸಾಲಿನ ಕೆಳಗೆ ಎಲ್ಲೋ ಅವನ ಹೆಸರು ಬರುತ್ತದೆ. ಬಾರದಿರುವುದೂ ಉಂಟು.

ಸಂಸ್ಥೆಗಳ ಕಡೆ ನೋಡಿದರೆ ಅಲ್ಲೂ ಇದೇ. ಜಿಲ್ಲೆ ಜಿಲ್ಲೆಗಳಲ್ಲಿ ರಂಗಮಂದಿರಗಳು ಎದ್ದಿವೆ. ಕಟ್ಟಡಕ್ಕೆ, ಗ್ರಾನೈಟಿಗೆ, ಮೆತ್ತನೆಯ ಕುರ್ಚಿಗೆ ಹಣ ಬಂದಿದೆ. ಒಳಗೆ ಹೋಗಿ ಡಿಮ್ಮರ್ ಕೋಣೆಯ ಬಾಗಿಲು ತೆಗೆಸಿ ನೋಡಿ: ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕುವುದಕ್ಕೇ ಅರ್ಧ ಗಂಟೆ. ಉಸ್ತುವಾರಿಗೆ ಜನವಿಲ್ಲದ ದೊಡ್ಡ ದೀಪಕ್ಕಿಂತ ತಂಡವೇ ಎರಡು ಟ್ರಂಕಿನಲ್ಲಿ ಹೊತ್ತು ತರಬಹುದಾದ ಪುಟ್ಟ ದೀಪ ಸಾವಿರ ಪಾಲು ವಾಸಿ. ಹೆಗ್ಗೋಡಿನ ನೀನಾಸಮ್ ತಿರುಗಾಟ 1985ರಿಂದ ಊರೂರು ಸುತ್ತುತ್ತಾ ನಮಗೆ ತೋರಿಸಿಕೊಟ್ಟ ಪಾಠಗಳಲ್ಲಿ ಒಂದು ಇದು: ನಾಟಕ ತನ್ನ ಸಾಮಾನನ್ನು ತಾನೇ ಹೊತ್ತುಕೊಂಡು ಹೋಗಬಲ್ಲದ್ದಾಗಿರಬೇಕು.

ಹಾಗಾಗಿ ನನ್ನ ಬೇಡಿಕೆಗಳನ್ನು ಬಿಡಿಸಿ ಹೇಳುತ್ತೇನೆ. ಅನುದಾನ ಕೊಡುವವರು ಎಲ್‌ಇಡಿ ಪರದೆಯ ಬಾಡಿಗೆಗೆ ಕೊಡುವುದನ್ನು ಒಂದು ವರ್ಷ ನಿಲ್ಲಿಸಿ, ಅದೇ ಹಣದಲ್ಲಿ ತಾಲ್ಲೂಕಿಗೊಂದು ಪೆಟ್ಟಿಗೆ ಮಾಡಿಸಲಿ: ಇಪ್ಪತ್ತು ಪುಟ್ಟ ದೀಪ, ದೀಪಕ್ಕೊಂದು ಕಬ್ಬಿಣದ ತಿರುಳಿನ ಟ್ರಾನ್ಸ್‌ಫಾರ್ಮರ್ ಮುಚ್ಚಿದ ಡಬ್ಬಿಯಲ್ಲಿ, ಎರಡೂ ಕಡೆ ಫ್ಯೂಸು, ಅರ್ಥಿಂಗ್, ಹನ್ನೆರಡು ಚಾನೆಲಿನ ಡಿಮ್ಮರ್, ನೂರು ಬಿಡಿ ಬಲ್ಬು. ರಂಗಶಾಲೆಗಳು ಬೆಳಕಿನ ಪಾಠವನ್ನು ಬಣ್ಣದ ರಸಗಳಿಂದ ಶುರು ಮಾಡದೆ ಓಮನ ನಿಯಮದಿಂದ ಶುರು ಮಾಡಲಿ. ಪ್ಲಗ್ಗು ಕಟ್ಟಲು ಬಾರದವರಿಗೆ ಪ್ರಮಾಣಪತ್ರ ಬೇಡ. ನಿರ್ದೇಶಕರು ಬೆಳಕಿನವರಿಗೆ ಮೂರು ತಾಸಿನ ಬದಲು ಎರಡು ಪೂರ್ತಿ ದಿನ ಕೊಡಲಿ, ತಾಲೀಮಿಗೆ ಕರೆಯಲಿ, ಸಂಭಾವನೆ ಕೊಡಲಿ, ಹೆಸರನ್ನು ನಟರ ಜೊತೆ ಅಚ್ಚು ಹಾಕಲಿ. ಸರಣಿಯಲ್ಲಿ ಕಟ್ಟಿದ ಬರಿಮೈಯ ಬಲ್ಬುಗಳು ರಂಗದ ಮೇಲೆ ಕಂಡರೆ ನಟರು ಬಣ್ಣ ಹಚ್ಚಿಕೊಂಡಿದ್ದರೂ ರಂಗ ಹತ್ತಬಾರದು.

ಪ್ರೇಕ್ಷಕರಿಗೂ ಒಂದು ಕೆಲಸವಿದೆ. ಮುಂದಿನ ಸಲ ನಾಟಕ ಮುಗಿದ ಮೇಲೆ 'ಲೈಟಿಂಗ್ ಭರ್ಜರಿ' ಎನ್ನುವ ಮೊದಲು, ಮುಖ್ಯ ಪಾತ್ರಧಾರಿಯ ಕಣ್ಣು ನಿಮಗೆ ಎಷ್ಟು ಹೊತ್ತು ಕಂಡಿತು ಎಂದು ನೆನಪಿಸಿಕೊಳ್ಳಿ. ಕಾಣದಿದ್ದರೆ ನೇರವಾಗಿ ತಂಡದವರಿಗೆ ಹೋಗಿ ಹೇಳಿ. ಟಿಕೆಟ್ ಕೊಟ್ಟು ಬಂದದ್ದು ಆ ಮುಖ ನೋಡುವುದಕ್ಕೆ. ಪರದೆ, ಹೊಗೆ, ಬಣ್ಣಗಳು ಆರತಕ್ಷತೆಯಲ್ಲಿ ಪುಕ್ಕಟೆ ಸಿಗುತ್ತವೆ.